ಕೂತ ಮಕ್ಕಳನ್ನು ಎಬ್ಬಿಸು, ಮಗಳೇ

ಯಲಬುರ್ಗಾ ಕಡೆಯ ಶಾಲೆಗೆ ನಿನಗೆ ಪೋಸ್ಟಿಂಗ್ ಆಯಿತು, ಐದನೇ ತರಗತಿ ನಿನ್ನ ಪಾಲಿಗೆ ಬಂತು ಅಂತ ಅಕ್ಕ ಫೋನಿನಲ್ಲಿ ಹೇಳಿದಾಗಿನಿಂದ ನಿನಗೊಂದು ಮಾತು ಹೇಳಬೇಕು ಅಂದುಕೊಳ್ಳುತ್ತಲೇ ಇದ್ದೇನೆ. ಪಾಠಯೋಜನೆ ಬರೆಯುವುದು, ಸ್ಯಾಟ್ಸ್‌ನಲ್ಲಿ ಮಕ್ಕಳ ವಿವರ ತುಂಬುವುದು, ಬಿಸಿಯೂಟದ ಲೆಕ್ಕ ಇಡುವುದು, ಇವನ್ನೆಲ್ಲ ಅಲ್ಲಿನ ಮುಖ್ಯಶಿಕ್ಷಕರು ಹೇಳಿಕೊಡುತ್ತಾರೆ. ಪ್ರಾಥಮಿಕ ಶಾಲೆಯಲ್ಲೇ ತಲೆ ನರೆತವಳು ನಾನು. ಸಾಮಾನ್ಯವಾಗಿ ಯಾರೂ ಹೇಳದೆ ಬಿಡುವ ಒಂದು ಸಂಗತಿಯನ್ನಷ್ಟೇ ಹೇಳುತ್ತೇನೆ. ಮಕ್ಕಳನ್ನು ಪಾಠದ ನಡುವೆ ಎಬ್ಬಿಸು. ಆಟದ ಪೀರಿಯಡ್ಡಿಗೆ ಕಾಯಬೇಡ. ಗಣಿತ ಮಾಡುವಾಗ, ಕನ್ನಡ ಓದಿಸುವಾಗ, ಪರಿಸರ ಅಧ್ಯಯನ ಹೇಳಿಕೊಡುವಾಗ ಅವರ ಕೈಕಾಲಿಗೂ ಪಾಠದಲ್ಲಿ ಒಂದು ಕೆಲಸ ಕೊಡು.

ಊಟವಾದ ಮೇಲಿನ ಎರಡನೇ ಪೀರಿಯಡ್ಡನ್ನು ಒಂದು ದಿನ ಸುಮ್ಮನೆ ಗಮನಿಸು. ಮುಂದಿನ ಬೆಂಚಿನ ಹುಡುಗಿ ಪೆನ್ಸಿಲ್ ಮೊನೆ ಚೆನ್ನಾಗಿಯೇ ಇದ್ದರೂ ಮತ್ತೆ ಕೆತ್ತಲು ಶುರು ಮಾಡುತ್ತಾಳೆ. ಕಿಟಕಿ ಪಕ್ಕದವನು ಒಂದು ಕಾಲನ್ನು ಮಡಿಸಿ ಅದರ ಮೇಲೆ ಕೂತು, ಎರಡು ನಿಮಿಷಕ್ಕೆ ಕಾಲು ಬದಲಿಸುತ್ತಾನೆ. ಹಿಂದಿನಿಂದ ಒಂದು ಕೈ ಮೇಲೇಳುತ್ತದೆ: “ನೀರು ಕುಡಿಯಾಕ ಹೋಗ್ಲೇನ್ರಿ ಟೀಚರ್?” ಅವನನ್ನು ಬಿಟ್ಟೆಯೋ, ಕೂಡಲೇ ನಾಲ್ಕು ಮಕ್ಕಳಿಗೆ ಒಂದಕ್ಕೆ ಅವಸರವಾಗುತ್ತದೆ. ಇದನ್ನು ಅಶಿಸ್ತು ಅಂತ ಬಗೆದು “ಕೈ ಕಟ್ಟಿ, ಬಾಯಿ ಮೇಲೆ ಬೆರಳು” ಅಂದುಬಿಡುವುದು ಸುಲಭ. ಕೋಣೆ ನಿಶ್ಶಬ್ದವಾಗುತ್ತದೆ, ನಿಜ. ಆದರೆ ಹತ್ತು ವರ್ಷದ ಮಗು ಮೈಯನ್ನು ಅಲುಗಾಡದಂತೆ ಹಿಡಿದಿಡುವುದಕ್ಕೇ ತನ್ನ ಗಮನದ ದೊಡ್ಡ ಪಾಲನ್ನು ಖರ್ಚು ಮಾಡುತ್ತಿರುತ್ತದೆ. ಭಾಗಾಕಾರಕ್ಕೆ ಉಳಿಯುವುದು ಅಷ್ಟಕ್ಕಷ್ಟೆ.

ನಿನ್ನ ತರಗತಿಗೆ ಬರುವ ಮಕ್ಕಳ ಹಿನ್ನೆಲೆಯನ್ನೂ ನೆನಪಿಡು. ಅವರಲ್ಲಿ ಹೆಚ್ಚಿನವರು ಮೂರನೇ ತರಗತಿಯವರೆಗೆ ನಲಿ-ಕಲಿಯಲ್ಲಿ ಇದ್ದವರು. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಋಷಿವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿ ಬಂದು ಕಟ್ಟಿದ ಕ್ರಮ ಅದು. ಅಲ್ಲಿ ಮಗು ತಾನೇ ಎದ್ದು ಹೋಗಿ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ನೋಡುತ್ತದೆ, ತನ್ನ ಕಾರ್ಡು ತೆಗೆದುಕೊಳ್ಳುತ್ತದೆ, ‘ತಟ್ಟೆ’ ಅಂತ ಕರೆಯುವ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹೋಗಿ ಕೂರುತ್ತದೆ, ಮುಗಿಸಿದ್ದನ್ನು ಕಲಿಕಾ ಚಪ್ಪರಕ್ಕೆ ತೂಗುಹಾಕುತ್ತದೆ. ದಿನಕ್ಕೆ ಎಷ್ಟು ಸಲ ಏಳುತ್ತದೆ, ಬಗ್ಗುತ್ತದೆ, ನಡೆಯುತ್ತದೆ ನೋಡು. ಆ ಮಗುವನ್ನು ನಾಲ್ಕನೇ ತರಗತಿಗೆ ತಂದು ಒಮ್ಮೆಗೇ ಬೆಂಚಿಗೆ ಅಂಟಿಸುತ್ತೇವೆ. ಆಮೇಲೆ ‘ಈ ಮಕ್ಕಳಿಗೆ ಕೂತು ಅಭ್ಯಾಸವೇ ಇಲ್ಲ’ ಅಂತ ದೂರುತ್ತೇವೆ. ಇದು ನನಗೆ ಯಾವತ್ತೂ ಸರಿಕಂಡಿಲ್ಲ.

ಮೈ ಆಡಿದರೆ ಬುದ್ಧಿ ಆಡುತ್ತದೆ ಎಂಬುದನ್ನು ನಮ್ಮ ಹಿರಿಯರು ಅನುಭವದಿಂದ ಹೇಳುತ್ತಿದ್ದರು. ಈಗ ಅದನ್ನು ಅಳೆದೂ ನೋಡಿದ್ದಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹಿಲ್‌ಮನ್ ಎಂಬ ವಿಜ್ಞಾನಿಯ ತಂಡ ಒಂಬತ್ತು-ಹತ್ತು ವರ್ಷದ 20 ಮಕ್ಕಳನ್ನು ಕರೆಸಿ ಒಂದು ದಿನ 20 ನಿಮಿಷ ಸುಮ್ಮನೆ ಕೂರಿಸಿತು, ಇನ್ನೊಂದು ದಿನ ಅಷ್ಟೇ ಹೊತ್ತು ಟ್ರೆಡ್‌ಮಿಲ್ ಮೇಲೆ ಬಿರುಸಾಗಿ ನಡೆಸಿತು. ಎರಡೂ ದಿನ ಆಮೇಲೆ ಪರೀಕ್ಷೆ. ಒಂದು ಸಾಲಿನಲ್ಲಿ ಹಲವು ಗುರುತು ಇರುತ್ತವೆ. ಅಕ್ಕಪಕ್ಕದವು ಎತ್ತ ತಿರುಗಿದ್ದರೂ ಅವಕ್ಕೆ ಮರುಳಾಗದೆ ನಡುವಿನದು ಎತ್ತ ಮುಖ ಮಾಡಿದೆ ಅಂತ ಥಟ್ಟನೆ ಹೇಳಬೇಕು. ನಡೆದ ದಿನ ಮಕ್ಕಳ ಉತ್ತರ ಹೆಚ್ಚು ಸರಿ ಬಂತು, ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆಯಲ್ಲೂ ಅಂಕ ಏರಿತು. ಇದು 2009ರ ಮಾತು. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಎಡಿಎಚ್‌ಡಿ ಇರುವ ಮಕ್ಕಳನ್ನೂ ಸೇರಿಸಿಕೊಂಡರು. 20 ನಿಮಿಷದ ನಡಿಗೆಯಿಂದ ಅವರ ಓದು, ಲೆಕ್ಕ ಎರಡೂ ಸುಧಾರಿಸಿದವು. ಒಂದು ಕಡೆ ನಿಲ್ಲದ ಮಗುವನ್ನು ನಾವು ಇನ್ನಷ್ಟು ಬಿಗಿಯಾಗಿ ಕೂರಿಸಲು ನೋಡುತ್ತೇವಲ್ಲ, ಅಂಥ ಮಗುವಿಗೂ ನಡಿಗೆಯಿಂದ ಒಳ್ಳೆಯದೇ ಆಯಿತು.

ಆಗ ಮೈಯೊಳಗೆ ನಡೆಯುವುದು ಇಷ್ಟು. ದೊಡ್ಡ ಸ್ನಾಯುಗಳು ದುಡಿಯತೊಡಗಿದರೆ ಹೃದಯ ಚುರುಕಾಗುತ್ತದೆ, ಉಸಿರು ಆಳವಾಗುತ್ತದೆ, ಮೆದುಳಿಗೂ ಎಚ್ಚರ ಬರುತ್ತದೆ. ಹಣೆಯ ಹಿಂದಿರುವ ಮೆದುಳಿನ ಭಾಗ ನಮ್ಮನ್ನು ತಡೆದು ನಿಲ್ಲಿಸುವ, ಬೇಡದ್ದನ್ನು ಬದಿಗಿಡುವ, ಎರಡು ವಿಷಯವನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಡುವ ಕೆಲಸ ಮಾಡುತ್ತದೆ. ವ್ಯಾಯಾಮದ ಫಲ ಎದ್ದು ಕಾಣುವುದು ಈ ಕೆಲಸಗಳಲ್ಲೇ. ನೆನಪು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗವೂ ದೈಹಿಕವಾಗಿ ಗಟ್ಟಿಯಾದ ಮಕ್ಕಳಲ್ಲಿ ತುಸು ದೊಡ್ಡದಾಗಿರುವುದು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಇದಕ್ಕಿಂತ ಹೆಚ್ಚಿನ ಜೀವಶಾಸ್ತ್ರ ನಮಗೆ ಬೇಡ ಬಿಡು.

ಆದರೆ ಸ್ಟಾಫ್ ರೂಮಿನಲ್ಲಿ ನಿನ್ನನ್ನು ಕೇಳುವ ಪ್ರಶ್ನೆ ಇದಾವುದೂ ಅಲ್ಲ. “ಕುಣಿಸ್ತಾ ಕೂತ್ರೆ ಪೋರ್ಷನ್ ಮುಗಿಯೋದು ಯಾವಾಗ?” ಅಂತ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೂ ಇಲ್ಲ. 40 ನಿಮಿಷದ ಪೀರಿಯಡ್ಡಿನಲ್ಲಿ ಹಾಜರಿ ಕರೆದು, ಹೋಂವರ್ಕ್ ನೋಡಿ, ಪಾಠಕ್ಕೆ ಉಳಿಯುವುದೇ ಅರ್ಧ ಗಂಟೆ. ಅವರಿಗೆ ಕೆನಡಾದ ತ್ರುವಾ-ರಿವಿಯೇರ್ ಊರಿನ ಕಥೆ ಹೇಳು. 1970ರ ದಶಕದಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ವರ್ಷಾನುಗಟ್ಟಲೆ, ದಿನಕ್ಕೆ ಒಂದು ಗಂಟೆಯಂತೆ ದೈಹಿಕ ಶಿಕ್ಷಣ ಕೊಟ್ಟರು. ಅದಕ್ಕಾಗಿ ಬೇರೆ ಪಾಠಗಳ ಸಮಯವನ್ನು ಶೇ. 13ರಷ್ಟು ಕಡಿತ ಮಾಡಿದರು. ಅಂಕ ಬೀಳಬೇಕಿತ್ತಲ್ಲವೇ? ಒಟ್ಟಾರೆ ಬೀಳಲಿಲ್ಲ. ಗಣಿತದಲ್ಲಂತೂ ಆ ಮಕ್ಕಳು ಮುಂದಿದ್ದರು. ಅಂದರೆ ಪಾಠದ ನಿಮಿಷ ಕಡಿಮೆಯಾದರೂ ಕಲಿಕೆ ಕಡಿಮೆಯಾಗಲಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ನೆದರ್‌ಲ್ಯಾಂಡ್ಸ್‌ನವರ ಪ್ರಯೋಗ. ಅವರು ಪಾಠದ ಸಮಯವನ್ನು ಕಡಿಮೆ ಮಾಡಲೇ ಇಲ್ಲ, ಪಾಠವನ್ನೇ ಮೈಗೆ ಇಳಿಸಿದರು. 12 ಶಾಲೆ, 499 ಮಕ್ಕಳು, ಎರಡು ವರ್ಷ. ವಾರಕ್ಕೆ ಮೂರು ಸಲ, 20ರಿಂದ 30 ನಿಮಿಷ. ಎರಡು ಮೂರಲೆ ಎಷ್ಟು ಅಂದರೆ ಬೆಂಚಿನ ಪಕ್ಕ ನಿಂತು ಆರು ಸಲ ಜಿಗಿಯಬೇಕು. ಪದದ ಕಾಗುಣಿತ ಹೇಳುವಾಗ ಅಕ್ಷರಕ್ಕೊಂದು ಜಿಗಿತ. ಎರಡು ವರ್ಷದ ಕೊನೆಗೆ ಗಣಿತದಲ್ಲಿ, ಕಾಗುಣಿತದಲ್ಲಿ ಆ ಮಕ್ಕಳು ಉಳಿದವರಿಗಿಂತ ಸುಮಾರು ನಾಲ್ಕು ತಿಂಗಳ ಕಲಿಕೆಯಷ್ಟು ಮುಂದಿದ್ದರು. ಓದಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಪ್ರಕಟವಾದ ಈ ವರದಿಯಲ್ಲಿ ಓದಿನ ಸಂಗತಿಯನ್ನೂ ಮುಚ್ಚಿಡದೆ ಹೇಳಿದ್ದಾರೆ, ಹಾಗಾಗಿ ನನಗೆ ಅದರ ಮೇಲೆ ನಂಬಿಕೆ.

ಇನ್ನು ನಿನ್ನ ಕೋಣೆಗೆ ಬರೋಣ. ಕೆರೆ-ದಡ ಆಟ ನಿನಗೆ ಗೊತ್ತೇ ಇದೆ, ಚಿಕ್ಕವಳಿದ್ದಾಗ ನಮ್ಮ ಜಗಲಿಯಲ್ಲೇ ಆಡಿದ್ದೀಯ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಒಂದು ಗೆರೆ. ‘ಕೆರೆ’ ಅಂದರೆ ಗೆರೆ ದಾಟಿ ಮುಂದಕ್ಕೆ, ‘ದಡ’ ಅಂದರೆ ಹಿಂದಕ್ಕೆ. ಕೂಗುವವರು ಬೇಗ ಬೇಗ ಕೂಗುತ್ತಾ, ಮಗು ದಡದಲ್ಲೇ ನಿಂತಿರುವಾಗ ಮತ್ತೊಮ್ಮೆ ‘ದಡ’ ಅಂದುಬಿಡುತ್ತಾರೆ. ಜಿಗಿಯಲು ಸಜ್ಜಾದ ಕಾಲನ್ನು ಆ ಕ್ಷಣ ತಡೆದು ನಿಲ್ಲಿಸಿಕೊಳ್ಳಬೇಕು. ವಿಜ್ಞಾನಿಗಳು ಆ ಗುರುತುಗಳ ಪರೀಕ್ಷೆಯಲ್ಲಿ ಅಳೆದದ್ದಕ್ಕೂ ಇದಕ್ಕೂ ಬಹಳ ದೂರವಿಲ್ಲ: ಮನಸ್ಸು ಎಳೆದತ್ತ ಹೋಗದೆ, ಕೇಳಿದ್ದಕ್ಕೆ ಮಾತ್ರ ಉತ್ತರಿಸುವುದು. ಈ ಆಟದ ಹೊಟ್ಟೆಯಲ್ಲಿ ನೀನು ಯಾವ ಪಾಠವನ್ನು ಬೇಕಾದರೂ ಇಡಬಹುದು. ಸಮಸಂಖ್ಯೆ ಕೆರೆ, ಬೆಸಸಂಖ್ಯೆ ದಡ. ಮೂರರ ಮಗ್ಗಿಯಲ್ಲಿ ಬರುವುದು ಕೆರೆ, ಬಾರದ್ದು ದಡ. ನಾಮಪದ ಕೆರೆ, ಕ್ರಿಯಾಪದ ದಡ. ‘ಓಟ’ ಅಂತ ಕೂಗಿ ನೋಡು, ಅರ್ಧ ಮಕ್ಕಳು ತಪ್ಪು ಕಡೆ ಜಿಗಿಯುತ್ತಾರೆ. ‘ಓಡು’ ಕ್ರಿಯೆ, ‘ಓಟ’ ಹೆಸರು ಎಂಬ ಚರ್ಚೆ ಅಲ್ಲೇ ಹುಟ್ಟುತ್ತದೆ. ಔಟ್ ಆದವರನ್ನು ಮಾತ್ರ ಹೊರಗೆ ಕೂರಿಸಬೇಡ. ಹೆಚ್ಚು ತಪ್ಪುವ ಮಗುವಿಗೇ ಹೆಚ್ಚು ಅಭ್ಯಾಸ ಬೇಕಿರುತ್ತದೆ. ಔಟಾದವರು ಕೂಗುವವರಾಗಲಿ, ಪ್ರಶ್ನೆ ಹುಡುಕುವ ಕೆಲಸ ಅವರಿಗೆ ಸಿಗಲಿ.

ಉಕ್ತಲೇಖನಕ್ಕೆ ಇನ್ನೊಂದು ದಾರಿ ಇದೆ. ನಾಲ್ಕು ಸಾಲಿನ ಒಂದು ಪ್ಯಾರಾವನ್ನು ದಪ್ಪ ಅಕ್ಷರದಲ್ಲಿ ಬರೆದು ವರಾಂಡದ ಕಂಬಕ್ಕೆ ಅಂಟಿಸು. ಮಕ್ಕಳು ಜೋಡಿಯಾಗಲಿ. ಒಬ್ಬ ಎದ್ದು ಹೋಗಿ ಓದಿಕೊಂಡು, ತಲೆಯಲ್ಲಿ ಹೊತ್ತು ತಂದು ಹೇಳುವುದು, ಇನ್ನೊಬ್ಬ ಬರೆಯುವುದು. ಅರ್ಧಕ್ಕೆ ಪಾತ್ರ ಬದಲು. ‘ವಾತ್ಸಲ್ಯ’ ಬಂದಾಗ ಬರೆಯುವವನು “ತಕಾರಕ್ಕೆ ಸ ಒತ್ತೋ, ಸಕಾರಕ್ಕೆ ತ ಒತ್ತೋ?” ಅಂತ ಕೇಳುತ್ತಾನೆ. ಇವನಿಗೆ ನೆನಪಿಲ್ಲ, ಮತ್ತೆ ಕಂಬಕ್ಕೆ ಹೋಗುತ್ತಾನೆ. ಈ ಸಲ ಅವನು ಇಡೀ ಸಾಲನ್ನು ಓದುವುದಿಲ್ಲ, ಆ ಒಂದು ಒತ್ತಕ್ಷರವನ್ನೇ ದಿಟ್ಟಿಸಿ ನೋಡಿ ಬರುತ್ತಾನೆ. ನೀನು ಕೆಂಪು ಪೆನ್ನಿನಲ್ಲಿ ಹತ್ತು ಸಲ ತಿದ್ದಿದರೂ ಬರದ ಗಮನ ಅಲ್ಲಿ ಬರುತ್ತದೆ. ಸಿಮೆಂಟಿನ ನೆಲ ಜಾರುವಂತಿದ್ದರೆ ಓಟ ಬೇಡ, ಬಿರುಸಿನ ನಡಿಗೆ ಸಾಕು ಅಂತ ಮೊದಲೇ ಹೇಳಿಬಿಡು.

ಚಂದ್ರನ ಪಾಠಕ್ಕೆ ಬಂದಾಗ ಪುಸ್ತಕ ಮುಚ್ಚಿಸಿಬಿಡು. ಚಂದ್ರ ನಮಗೆ ಯಾವಾಗಲೂ ಒಂದೇ ಮುಖ ತೋರಿಸುತ್ತಾನೆ, ಏಕೆಂದರೆ ತನ್ನ ಸುತ್ತ ತಾನು ತಿರುಗಲೂ ಭೂಮಿಯನ್ನು ಸುತ್ತಲೂ ಅವನಿಗೆ ಅಷ್ಟೇ ಸಮಯ, 27 ದಿನ ಚಿಲ್ಲರೆ, ಬೇಕು. ಈ ವಾಕ್ಯವನ್ನು ಮಕ್ಕಳು ಉರು ಹೊಡೆದು ಬರೆಯುತ್ತಾರೆ, ಒಳಗೆ ಇಳಿದಿರುವುದಿಲ್ಲ. ದೊಡ್ಡವರಿಗೂ ಇಳಿದಿರುವುದಿಲ್ಲ, ‘ಒಂದೇ ಮುಖ ಕಾಣುತ್ತೆ ಅಂದ್ರೆ ಅವನು ತಿರುಗೋದೇ ಇಲ್ಲ’ ಅನ್ನುತ್ತಾರೆ. ಒಬ್ಬಳನ್ನು ಭೂಮಿಯಾಗಿ ಕೋಣೆಯ ನಡುವೆ ನಿಲ್ಲಿಸು. ಇನ್ನೊಬ್ಬಳು ಚಂದ್ರ. ಚಂದ್ರನಿಗೆ ಒಂದೇ ಕಟ್ಟಳೆ: ಭೂಮಿಯ ಕಡೆಗೇ ಮುಖ ಇಟ್ಟುಕೊಂಡು ಅವಳ ಸುತ್ತ ಒಂದು ಸುತ್ತು ಬರಬೇಕು. ನಡೆಯುವಾಗ ನಡುನಡುವೆ ನಿಲ್ಲಿಸಿ, ಭೂಮಿಯ ಆಚೆ ಎದುರಿಗೆ ಏನು ಕಾಣುತ್ತದೆ ಅಂತ ಕೇಳು. “ಹಲಗೆ ಟೀಚರ್.” ಇನ್ನಷ್ಟು ನಡೆಸು. “ಕಿಟಕಿ.” ಆಮೇಲೆ ಹಿಂದಿನ ಗೋಡೆ, ಆಮೇಲೆ ಬಾಗಿಲು, ಮತ್ತೆ ಹಲಗೆ. ನಾಲ್ಕೂ ಗೋಡೆ ನೋಡಿಬಿಟ್ಟಳಲ್ಲ, ಹಾಗಾದರೆ ತನ್ನ ಸುತ್ತ ತಾನೂ ಒಮ್ಮೆ ತಿರುಗಿದಳು ತಾನೇ? ನೀನು ಇದನ್ನು ಹೇಳುವ ಮೊದಲೇ ಚಂದ್ರನಾದ ಹುಡುಗಿ ನಿಂತಲ್ಲೇ ನಿಂತು ಕಣ್ಣರಳಿಸುತ್ತಾಳೆ. ಆಮೇಲೆ ಎಲ್ಲರಿಗೂ ಚಂದ್ರನಾಗಬೇಕು. ಎಲ್ಲರನ್ನೂ ಆಗಲು ಬಿಡು, ಆ ಪೀರಿಯಡ್ ಪೂರ್ತಿ ಹೋದರೂ ಹೋಗಲಿ.

ಕೋನಗಳನ್ನು ಕೈಯಲ್ಲೇ ಮಾಡಿಸಬಹುದು: ಎರಡೂ ತೋಳು ಚಾಚಿ ಲಂಬಕೋನ, ಲಘುಕೋನ, ವಿಶಾಲಕೋನ. ಕೋಷ್ಟಕ ಮತ್ತು ಸ್ತಂಭಾಲೇಖಕ್ಕೆ ನಾಡಿಯ ಲೆಕ್ಕ ಒಳ್ಳೆಯದು. ಕೂತಾಗ ಮಣಿಕಟ್ಟಿನಲ್ಲಿ ಬೆರಳಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು, ಒಂದು ನಿಮಿಷ ನಿಂತಲ್ಲೇ ಜಿಗಿದು ಮತ್ತೆ ಎಣಿಸುವುದು. ತನ್ನದೇ ಎದೆಬಡಿತದ ಅಂಕಿ ಆದ್ದರಿಂದ ಯಾವ ಮಗುವೂ ಅದನ್ನು ಪಕ್ಕದವರ ಪುಸ್ತಕ ನೋಡಿ ಬರೆಯುವುದಿಲ್ಲ.

ಇದೇ ಹೆಸರಿನಲ್ಲಿ ಮಾರಾಟವಾಗುವ ಕೆಲವು ಸರಕುಗಳ ಬಗ್ಗೆ ಎಚ್ಚರಿಕೆಯಿಂದಿರು. ಎದೆಯ ಮೇಲಿನ ಇಂಥ ಜಾಗ ಒತ್ತಿದರೆ ಮೆದುಳಿನ ಗುಂಡಿ ಒತ್ತಿದಂತೆ, ಎಡಗೈ ಬಲಮೊಣಕಾಲಿಗೆ ತಾಗಿಸಿದರೆ ಮೆದುಳಿನ ಎರಡು ಭಾಗ ಬೆಸೆದುಕೊಳ್ಳುತ್ತವೆ ಎಂದೆಲ್ಲ ಹೇಳುವ ಬ್ರೈನ್ ಜಿಮ್ ತರಬೇತಿಗಳು ಖಾಸಗಿ ಶಾಲೆಗಳಲ್ಲಿ ಬಂದುಹೋದವು. ಅವರು ಹೇಳುವ ಕಾರಣಗಳಿಗೆ ವಿಜ್ಞಾನದ ಆಧಾರವಿಲ್ಲ. ಕೈ ಮೊಣಕಾಲು ತಾಗಿಸಿದರೆ ತೊಂದರೆಯೇನೂ ಇಲ್ಲ, ಮೈ ಅಷ್ಟು ಸಡಿಲವಾಗುತ್ತದೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಪವಾಡ ನಿರೀಕ್ಷಿಸಬೇಕಾಗಿಲ್ಲ. ಎದೆ ಬಡಿತ ಏರಬೇಕು, ಇಲ್ಲವೇ ಕಾಲು ಮಾಡುವ ಕೆಲಸಕ್ಕೂ ಪಾಠಕ್ಕೂ ನೇರ ಸಂಬಂಧ ಇರಬೇಕು. ಎರಡರಲ್ಲಿ ಒಂದಾದರೂ ಇದೆಯೇ ಅಂತ ನೋಡಿಕೋ.

ಈಗ ಹೇಳುವುದನ್ನು ಮಾತ್ರ ನೀನು ನಡೆಸಲೇಬೇಕು. ವ್ಯಾಯಾಮವನ್ನು ಶಿಕ್ಷೆ ಮಾಡಬೇಡ. ಬಸ್ಕಿ ಹೊಡೆಸುವುದು, ಬಿಸಿಲಲ್ಲಿ ಮೈದಾನ ಸುತ್ತಿಸುವುದು ಇವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ. ಕಾಯ್ದೆ ಇರದಿದ್ದರೂ ನಾನು ಬೇಡವೆನ್ನುತ್ತಿದ್ದೆ, ಏಕೆಂದರೆ ಅವಮಾನದ ಜೊತೆ ಓಟವನ್ನು ಕಲಿತ ಮಗು ಮುಂದೆ ಓಟವನ್ನೇ ದ್ವೇಷಿಸುತ್ತದೆ. ಅದರ ತಂಗಿಯಂತೆ ಇನ್ನೊಂದು ಶಿಕ್ಷೆ ಇದೆ, ಅದನ್ನು ಯಾರೂ ಶಿಕ್ಷೆ ಅಂತ ಕರೆಯುವುದೇ ಇಲ್ಲ. ಹೋಂವರ್ಕ್ ಮಾಡದವರನ್ನು ಆಟದ ಪೀರಿಯಡ್ಡಿಗೆ ಬಿಡದೆ ಕೂರಿಸಿಕೊಳ್ಳುವುದು. ಪರೀಕ್ಷೆ ಹತ್ತಿರ ಬಂತು ಅಂತ ಆಟದ ಪೀರಿಯಡ್ಡನ್ನೇ ಗಣಿತಕ್ಕೆ ಎಳೆದುಕೊಳ್ಳುವುದು. ಪಿ.ಟಿ. ಮೇಷ್ಟ್ರೇ ಇಲ್ಲದ ಶಾಲೆಗಳಲ್ಲಿ ಕೇಳುವವರೂ ಇರುವುದಿಲ್ಲ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದ, ಸಾಧಾರಣದಿಂದ ಬಿರುಸಿನವರೆಗಿನ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶನಿವಾರದ ಸಾಮೂಹಿಕ ಕವಾಯತಿನಿಂದ ಅದು ತುಂಬುವುದಿಲ್ಲ. ಇರುವಷ್ಟನ್ನಾದರೂ ನೀನು ಕಸಿಯಬೇಡ.

ಎಲ್ಲ ಮಕ್ಕಳ ಮೈಯೂ ಒಂದೇ ಥರ ಇರುವುದಿಲ್ಲ. ನಿನ್ನ ಮಕ್ಕಳಲ್ಲಿ ಬೆಳಿಗ್ಗೆ ಏನೂ ತಿನ್ನದೆ ಬರುವವರು ಇದ್ದೇ ಇರುತ್ತಾರೆ; ಅಪ್ಪ-ಅಮ್ಮ ನಸುಕಿಗೇ ಕೂಲಿಗೆ ಹೋಗಿರುತ್ತಾರೆ. ಕ್ಷೀರಭಾಗ್ಯದ ಹಾಲು ಕುಡಿಯುವ ಮೊದಲು ಅವರನ್ನು ಓಡಿಸಬೇಡ. ರಕ್ತಹೀನತೆ ಇರುವ ಮಗು ಬೇಗ ಏದುಸಿರು ಬಿಡುತ್ತದೆ, ಅದಕ್ಕೆ ಸೋಮಾರಿ ಅನ್ನುವ ಮಾತು ಹಚ್ಚಬೇಡ, ಆರೋಗ್ಯ ತಪಾಸಣೆಗೆ ಬಂದವರಿಗೆ ತೋರಿಸು. ಊಟವಾದ ಕೂಡಲೇ ಜಿಗಿತ ಬೇಡ. ಆ ಹೊತ್ತಿಗೆ ಗೋಡೆಯ ಮೇಲಿನ ಚಿತ್ರ ನೋಡಿ ಬರುವಂಥ ನಡಿಗೆಯ ಕೆಲಸ ಇಟ್ಟುಕೋ. ಮಾರ್ಚ್ ಬಂದರೆ ಆ ಸೀಮೆಯ ಬಿಸಿಲು ನಮ್ಮ ಮೈಸೂರಿನವರ ಊಹೆಗೆ ಸಿಗುವಂಥದ್ದಲ್ಲ, ಅಂಗಳದ ಕೆಲಸವನ್ನೆಲ್ಲ ಮೊದಲ ಪೀರಿಯಡ್ಡಿಗೇ ಮುಗಿಸು. ಕಾಲಿಗೆ ಊನವಿರುವ ಮಗುವಿದ್ದರೆ ಕೆರೆ-ದಡವನ್ನು ಕೈಯಲ್ಲಿ ಆಡಿಸು, ಅದೂ ಇಡೀ ತರಗತಿಗೆ: ಕೆರೆ ಅಂದರೆ ಕೈ ಮುಂದೆ, ದಡ ಅಂದರೆ ಹೆಗಲಿಗೆ. ಆ ಒಂದು ಮಗುವನ್ನು ಅಂಕ ಬರೆಯಲು ಬದಿಗೆ ಕೂರಿಸಿ ನಾವು ದಯೆ ತೋರಿದೆವು ಅಂದುಕೊಳ್ಳುವುದು ಬೇಡ.

ಹುಡುಗಿಯರ ಮೇಲೆ ಒಂದು ಕಣ್ಣಿಡು, ಮಗಳೇ. ಐದನೆಯಲ್ಲಿ ಖೋ-ಖೋದಲ್ಲಿ ಗಾಳಿಯಂತೆ ಓಡುತ್ತಿದ್ದವಳು ಏಳನೆಯ ಹೊತ್ತಿಗೆ ಗೋಡೆಗೊರಗಿ ನಿಂತಿರುತ್ತಾಳೆ. ಸ್ಕರ್ಟ್ ಹಾರುತ್ತದೆ ಎಂಬ ಭಯ, ಮೈನೆರೆದಿದ್ದಾಳೆ ಎಂಬ ಮನೆಯವರ ಮಾತು, ಹುಡುಗರ ನಗು, ಎಲ್ಲ ಸೇರಿ ಅವಳನ್ನು ನಿಲ್ಲಿಸಿಬಿಡುತ್ತವೆ. ಆ ವಯಸ್ಸಿಗೆ ಬರುವ ಮೊದಲು ಅವರು ನಿನ್ನ ಕೈಯಲ್ಲಿದ್ದಾರೆ. ಒಳಗೆ ಹಾಕಿಕೊಳ್ಳುವ ಚಡ್ಡಿಯ ವಿಷಯವನ್ನು ತಾಯಂದಿರ ಸಭೆಯಲ್ಲಿ ನೇರವಾಗಿ ಮಾತಾಡು, ನೀನು ಹೆಣ್ಣುಮಗಳಾದ್ದರಿಂದ ಅವರು ಕೇಳುತ್ತಾರೆ. ನೀನೂ ಮಕ್ಕಳ ಜೊತೆ ಜಿಗಿ. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ಟೀಚರೇ ಗೆರೆ ದಾಟಿದ್ದನ್ನು ನೋಡಿದ ಹುಡುಗಿಗೆ ಬೇರೆ ಅಪ್ಪಣೆ ಬೇಕಿಲ್ಲ.

ಗದ್ದಲ ಆಗುತ್ತದೆ. ಪಕ್ಕದ ಕೋಣೆಯವರು ಒಮ್ಮೆ ಬಾಗಿಲಲ್ಲಿ ಇಣುಕುತ್ತಾರೆ. ಹಾಗಾಗಿ ಮೊದಲ ವಾರ ಪಾಠಕ್ಕಿಂತ ಮೊದಲು ನಿಲ್ಲುವ ಸನ್ನೆಯನ್ನೇ ಕಲಿಸು: ನೀನು ಎರಡು ಚಪ್ಪಾಳೆ ತಟ್ಟಿದರೆ ಅವರು ಮೂರು ತಟ್ಟಿ ಇದ್ದಲ್ಲೇ ನಿಲ್ಲಬೇಕು. ಬರೀ ಇದನ್ನೇ ಆಟದಂತೆ ಆಡಿಸು, ಬೇಸರವಿಲ್ಲದೆ ಆಡುತ್ತಾರೆ. ದಿನಕ್ಕೆ ಎರಡು ಸಲ, ಸಲಕ್ಕೆ ಐದು ನಿಮಿಷದಿಂದ ಶುರು ಮಾಡು. ನಲವತ್ತು ಮಕ್ಕಳ ಕೋಣೆಯಾದರೆ ಅರ್ಧ ಮಕ್ಕಳು ಎದ್ದಿರಲಿ, ಉಳಿದರ್ಧ ತೀರ್ಪು ಹೇಳಲಿ, ಆಮೇಲೆ ಅದಲು ಬದಲು. ಮುಖ್ಯಶಿಕ್ಷಕರಿಗೆ ಮೊದಲೇ ಹೇಳಿಟ್ಟುಕೋ. ಪಾಠಯೋಜನೆಯಲ್ಲಿ ಚಟುವಟಿಕೆಯ ಜಾಗದಲ್ಲಿ ಇದನ್ನೇ ಬರೆದರೆ ಶಾಲೆ ನೋಡಲು ಸಿ.ಆರ್.ಪಿ. ಬಂದಾಗಲೂ ತೋರಿಸಲು ಅನುಕೂಲ.

ಅಂಗಳವನ್ನು ಹೋದ ದಿನವೇ ಒಮ್ಮೆ ಬರಿಗಾಲಲ್ಲಿ ನಡೆದು ನೋಡು. ಗಾಜಿನ ಚೂರು, ಜಾಲಿ ಮುಳ್ಳು, ಮೊನಚು ಕಲ್ಲು ಎಲ್ಲಿದೆ ಅಂತ ಗೊತ್ತಾಗುತ್ತದೆ. ನಿನ್ನ ಮಕ್ಕಳಲ್ಲಿ ಚಪ್ಪಲಿ ಇಲ್ಲದೆ ಓಡುವವರೇ ಹೆಚ್ಚು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮೊದಲ ಸಭೆಯಲ್ಲಿ ಅದನ್ನು ಹಸನು ಮಾಡಿಸುವ ಮಾತನ್ನೇ ಎತ್ತು. ಆ ಕಡೆಯ ಮಕ್ಕಳು ಕುಂಟೆಬಿಲ್ಲೆಗೆ, ಚಿನ್ನಿದಾಂಡಿಗೆ ಬೇರೆ ಹೆಸರು, ಬೇರೆ ನಿಯಮ ಇಟ್ಟುಕೊಂಡಿರಬಹುದು. ನಮ್ಮ ಕಡೆಯದನ್ನು ಕಲಿಸಲು ಹೋಗಬೇಡ, ಅವರದನ್ನೇ ಅವರಿಂದ ಕೇಳಿ ಆಡು. ಒಂದು ವಾರ ಬಿಟ್ಟು ಆ ಆಟಗಳ ಪಟ್ಟಿ ಮಾಡಿ ನನಗೆ ಕಳಿಸು. ಯಾವ ಆಟದಲ್ಲಿ ಐದನೇ ತರಗತಿಯ ಯಾವ ಪಾಠ ಕೂರುತ್ತದೆ ಅಂತ ಒಂದು ಭಾನುವಾರ ಫೋನಿನಲ್ಲೇ ಇಬ್ಬರೂ ಸೇರಿ ನೋಡೋಣ.